ತೊರವಿಯ ವಿಶ್ವವಿದ್ಯಾಲಯ, ನಿಡೋಣಿಯ ವಿದ್ಯಾರ್ಥಿನಿ

ಬೋಧನೆಯಲ್ಲಿ ಹೊಸತನ ಎಂದೊಡನೆ ನಮ್ಮ ವಿಶ್ವವಿದ್ಯಾಲಯಗಳು ಸ್ಮಾರ್ಟ್ ಬೋರ್ಡಿನ ಕಡೆಗೆ ಕೈ ತೋರಿಸುತ್ತವೆ. ವಿಜಯಪುರ ಸೀಮೆ ಕಂಡ ಅತಿ ದೊಡ್ಡ ಹೊಸತನಕ್ಕೆ ಯಾವ ಯಂತ್ರವೂ ಬೇಕಾಗಿರಲಿಲ್ಲ. 2003ರಲ್ಲಿ ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ ಇಲ್ಲಿ ಆರಂಭವಾಯಿತು. ಇಂದು ಅಕ್ಕಮಹಾದೇವಿಯ ಹೆಸರು ಹೊತ್ತು ತೊರವಿಯ ಜ್ಞಾನಶಕ್ತಿ ಆವರಣದಲ್ಲಿ ನಡೆಯುತ್ತಿದೆ. ಮಗಳನ್ನು ಧಾರವಾಡಕ್ಕೋ ಬೆಂಗಳೂರಿಗೋ ಕಳಿಸಲು ಹಿಂದೆಮುಂದೆ ನೋಡುತ್ತಿದ್ದ ತಿಕೋಟಾ, ಬಬಲೇಶ್ವರ, ನಿಡೋಣಿಯ ಮನೆಗಳಿಗೆ ಸ್ನಾತಕೋತ್ತರ ಪದವಿ ಬಸ್ಸಿನ ದೂರಕ್ಕೆ ಬಂತು. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ನೀಡುವ, 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಆ ಬಸ್ಸಿನ ಖರ್ಚನ್ನೂ ಇಳಿಸಿತು.

ಬಾಗಿಲವರೆಗಿನ ದಾರಿ ಹೀಗೆ ಸಲೀಸಾಯಿತು. ತರಗತಿಯ ಒಳಗೆ ಆಗಬೇಕಾದ ಬದಲಾವಣೆ ಮಾತ್ರ ರಾಜ್ಯದ ಉಳಿದೆಡೆಯಂತೆ ಇಲ್ಲಿಯೂ ನೀತಿಯ ಏರಿಳಿತಕ್ಕೆ ಸಿಕ್ಕಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಅಳವಡಿಸಿಕೊಂಡ ಕರ್ನಾಟಕ 2024ರಲ್ಲಿ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಈ ಹಗ್ಗಜಗ್ಗಾಟದಲ್ಲಿ ಒಂದು ನಷ್ಟ ಯಾರ ಗಮನಕ್ಕೂ ಬರಲಿಲ್ಲ. ಬಹುತೇಕ ವಿಷಯಗಳಲ್ಲಿ 40 ಇದ್ದ ಆಂತರಿಕ ಮೌಲ್ಯಮಾಪನದ ಅಂಕ 20ಕ್ಕೆ ಇಳಿಯಿತು. ಸೆಮಿಸ್ಟರ್ ಪರೀಕ್ಷೆಯ ತೂಕ 80ಕ್ಕೆ ಏರಿತು. ಕ್ಷೇತ್ರಕಾರ್ಯ, ಗುಂಪುಚರ್ಚೆ, ಕಿರುಯೋಜನೆ ಎಂದು ಮೇಷ್ಟ್ರು ಪ್ರಯೋಗ ಮಾಡಲು ಇದ್ದ ಜಾಗವೇ ಆಂತರಿಕ ಅಂಕ. ಆ ಅಂಕಗಳನ್ನು ಮುಖ ನೋಡಿ ಹಂಚುತ್ತಾರೆಂಬ ದೂರು ಸುಳ್ಳಲ್ಲ. ಆದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ಪರಿಹಾರವಾಗಲಾರದು. ಅಂಕ ಕೊಟ್ಟ ಕಾರಣವನ್ನು ಬರೆದು ವಿದ್ಯಾರ್ಥಿಗೆ ತೋರಿಸಬೇಕೆಂಬ ಒಂದು ನಿಯಮ ಇದ್ದಿದ್ದರೆ ಸಾಕಿತ್ತು.

ಎರಡನೆಯ ಕೊರತೆ ಇನ್ನೂ ಆಳದ್ದು. ತರಬೇತಿ, ವಿಚಾರಸಂಕಿರಣ, ಹೊಸ ಪ್ರಯೋಗಾಲಯ ಎಲ್ಲವೂ ವಿಶ್ವವಿದ್ಯಾಲಯದ ಮುಖ್ಯ ಆವರಣದಲ್ಲಿ ಸ್ನಾತಕೋತ್ತರ ವಿಭಾಗಗಳ ಸುತ್ತಲೇ ಬೆಳೆಯುತ್ತವೆ. ಓದು ಮುರಿದುಬೀಳುವ ಅಪಾಯ ಇರುವುದು ಸಂಯೋಜಿತ ಕಾಲೇಜುಗಳ ಪದವಿಯ ಮೊದಲ ವರ್ಷದಲ್ಲಿ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ವಾಣಿಜ್ಯವನ್ನೋ ವಿಜ್ಞಾನವನ್ನೋ ಇಂಗ್ಲಿಷಿನಲ್ಲಿ ಎದುರಿಸುವ ಹುಡುಗಿ ಸೋಲುವುದು ಬುದ್ಧಿ ಸಾಲದೆ ಅಲ್ಲ, ಪಾಠ ಕಿವಿಗೆ ಬಿದ್ದರೂ ತಲೆಗೆ ಇಳಿಯದ್ದರಿಂದ. ದ್ರಾಕ್ಷಿ ಕಟಾವಿನ ದಿನಗಳಲ್ಲಿ ಆಕೆ ಹೊಲಕ್ಕೂ ಬೇಕು, ಮನೆಗೂ ಬೇಕು. ಎದುರಿಗೆ ನಿಂತು ಪಾಠ ಹೇಳುವವರು ಅನೇಕ ಕಡೆ ಅತಿಥಿ ಉಪನ್ಯಾಸಕರು. ಸೇವಾ ಭದ್ರತೆಗಾಗಿ ಅವರು 2023ರ ಕೊನೆಯಲ್ಲಿ ತರಗತಿ ಬಿಟ್ಟು ಬೀದಿಗಿಳಿದಿದ್ದರು. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂಬ ಚಿಂತೆಯಲ್ಲಿರುವವರಿಂದ ಮೂರು ವರ್ಷದ ಮಾರ್ಗದರ್ಶನ ನಿರೀಕ್ಷಿಸುವುದು ಹೇಗೆ?

ಹೊಸ ವಿದ್ಯಾರ್ಥಿಗಳಿಗಾಗಿ ಯುಜಿಸಿ ರೂಪಿಸಿದ ದೀಕ್ಷಾರಂಭ, ಮಾರ್ಗದರ್ಶಕರ ಪಟ್ಟಿ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೇಳುವ ಉತ್ತಮ ರೂಢಿಗಳ ವರದಿ ಇವೆಲ್ಲ ಒಳ್ಳೆಯ ಆಶಯದವೇ. ನ್ಯಾಕ್‌ನ ಏಳು ಮಾನದಂಡಗಳಲ್ಲಿ ಬೋಧನೆಗೂ ವಿದ್ಯಾರ್ಥಿ ಬೆಂಬಲಕ್ಕೂ ಪ್ರತ್ಯೇಕ ಸ್ಥಾನವಿದೆ. ತೊಂದರೆ ಏನೆಂದರೆ, ನ್ಯಾಕ್ ತಂಡ ಬರುವ ವರ್ಷ ಫೋಟೊ, ಸಹಿ, ಕಡತಗಳನ್ನು ಹೊಂದಿಸುವ ಕೆಲಸವೇ ಮೇಷ್ಟ್ರ ಹೊತ್ತನ್ನು ತಿಂದುಬಿಡುತ್ತದೆ.

ಫ. ಗು. ಹಳಕಟ್ಟಿಯವರ ಮುಂದಾಳತ್ವದಲ್ಲಿ 1910ರಲ್ಲಿ ಬಿಎಲ್‌ಡಿಇ ಸಂಸ್ಥೆ ಹುಟ್ಟಿದ ಊರು ವಿಜಯಪುರ. ಶಾಲೆಯಿಂದ ಮೊದಲಾದ ಆ ಸಂಸ್ಥೆ ನಂತರ ಡೀಮ್ಡ್ ವಿಶ್ವವಿದ್ಯಾಲಯದವರೆಗೆ ಬೆಳೆಯಿತು. ಕಲಿಕೆಯನ್ನು ಜನರ ಹತ್ತಿರಕ್ಕೆ ಒಯ್ಯುವುದು ಈ ನೆಲಕ್ಕೆ ಹೊಸ ವಿದ್ಯೆಯಲ್ಲ. ಮಹಿಳಾ ವಿಶ್ವವಿದ್ಯಾಲಯವೂ ಪ್ರವೇಶದ ಪರೀಕ್ಷೆಯಲ್ಲಿ ಗೆದ್ದಿದೆ. ಮುಂದಿನ ಹೆಜ್ಜೆಗೆ ಕೋಟಿಗಳೇನೂ ಬೇಕಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಕನ್ನಡ–ಇಂಗ್ಲಿಷ್ ಎರಡರಲ್ಲೂ ಪಾಠ ಹೇಳುವ ಸೇತು ತರಗತಿ ನಡೆಯಲಿ, ವೇಳಾಪಟ್ಟಿ ಬಸ್ಸಿನ ವೇಳೆಗೆ ಹೊಂದಲಿ, ಸಂಯೋಜಿತ ಕಾಲೇಜಿನ ಅತಿಥಿ ಉಪನ್ಯಾಸಕರಿಗೂ ತರಬೇತಿ ಸಿಗಲಿ. ಕೊನೆಗೆ ವಿಶ್ವವಿದ್ಯಾಲಯದ ಯಶಸ್ಸನ್ನು ಪದಕ ಗೆದ್ದವರಿಂದ ಅಳೆಯಬೇಡಿ. ಮೊದಲ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಪದವಿ ಮುಗಿಸಿದರೆಂಬ ಲೆಕ್ಕವನ್ನು ಪ್ರತಿವರ್ಷ ಜನರ ಮುಂದಿಡಿ.