ಒಡೆದ ಹಲಗೆಗಳಿಗೂ ಮಂಜೂಷದಲ್ಲಿ ಸ್ಥಳ

ವೃದ್ಧಾಪ್ಯವನ್ನು ಕುರಿತ ಶ್ವೇತಭವನದ ಸಮ್ಮೇಳನವು 1961ರ ಜನವರಿಯಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ನಡೆಯಿತು. ಅಲ್ಲಿ ಯೆಹೂದ್ಯ ಚಿಂತಕ ರಬ್ಬಿ ಅಬ್ರಹಾಂ ಜೋಶುವ ಹೆಶೆಲ್ ಮಾಡಿದ ಭಾಷಣ, 'ಟು ಗ್ರೋ ಇನ್ ವಿಸ್ಡಂ' ಎಂಬ ಹೆಸರಿನಲ್ಲಿ, 1966ರ ಅವರ ಪ್ರಬಂಧಸಂಕಲನವನ್ನು ಸೇರಿತು. 'ವಿವೇಕದಲ್ಲಿ ಬೆಳೆಯುವುದು' ಎಂಬುದು ಆ ಶೀರ್ಷಿಕೆಯ ಅರ್ಥ. ವೃದ್ಧರ ವಿಷಯದಲ್ಲಿ ಯೆಹೂದ್ಯ ಪರಂಪರೆ ಆಧುನಿಕ ಲೋಕಕ್ಕೆ ಹೇಳಿದ ಮಾತುಗಳಲ್ಲಿ ಇದಕ್ಕೆ ಗೌರವದ ಸ್ಥಾನವಿದೆ. ಆದುದರಿಂದಲೇ ಇದನ್ನು ವಿಮರ್ಶೆಯ ಕಣ್ಣಿನಿಂದಲೂ ಓದಬೇಕಾಗಿದೆ.

ಹೆಶೆಲ್ ಅವರ ವಾದ ಸರಳ, ಆದರೆ ತೀಕ್ಷ್ಣ. ವೃದ್ಧಾಪ್ಯವನ್ನು ನಾವು ಒಂದು ಸೋಲೆಂದು ಬಗೆಯುತ್ತೇವೆ. ತಾನು ನಿರುಪಯೋಗಿ ಎಂಬ ಭಾವನೆ, ಒಳಗಿನ ಬರಿದುತನ, ಒಂಟಿತನ ಮತ್ತು ಕಾಲದ ಭಯ ವೃದ್ಧರನ್ನು ಕಾಡುತ್ತವೆ. ಇವುಗಳಿಗೆ ಸಮಾಜ ನೀಡುವ ಮದ್ದು ಆಟ, ಹವ್ಯಾಸ, ಕಾಲಹರಣ. ಮಕ್ಕಳನ್ನು ಆಡಿಸುವಂತೆ ಹಿರಿಯರನ್ನು ಆಡಿಸುವುದು ಗೌರವವಲ್ಲ ಎಂಬುದೇ ಅವರ ಆಕ್ಷೇಪಣೆ. ವೃದ್ಧರಿಗಾಗಿಯೇ ವಿದ್ಯಾಪೀಠಗಳು ಬೇಕು, ಅಲ್ಲಿ ಉದ್ಯೋಗಕ್ಕಾಗಿಯಲ್ಲ, ಕಲಿಕೆಗಾಗಿಯೇ ಕಲಿಯಬೇಕು ಎಂದು ಅವರು ಬಯಸಿದರು.

ಈ ವಾದಕ್ಕೆ ಪವಿತ್ರ ಗ್ರಂಥದ ಆಧಾರವೂ ದೊರೆಯುತ್ತದೆ. ಅರಣ್ಯಕಾಂಡದ ಎಂಟನೆಯ ಅಧ್ಯಾಯದಲ್ಲಿ ಲೇವಿಯರು 50ನೆಯ ವಯಸ್ಸಿನಲ್ಲಿ ದುಡಿಮೆಯಿಂದ ನಿವೃತ್ತರಾಗುತ್ತಾರೆ. ಆದರೆ ಅವರನ್ನು ದೇವದರ್ಶನದ ಗುಡಾರದಿಂದ ಹೊರಗೆ ಕಳುಹಿಸುವುದಿಲ್ಲ. ಅವರು ತಮ್ಮ ಸಹೋದರರಿಗೆ ನೆರವಾಗುತ್ತಾ ಅಲ್ಲಿಯೇ ಇರಬಹುದು. ಹೊರೆ ಇಳಿಯುತ್ತದೆ, ಸ್ಥಾನ ಉಳಿಯುತ್ತದೆ.

ಹಾಗಾದರೆ ಕೊರತೆಯೆಲ್ಲಿ? ಹೆಶೆಲ್ ವೃದ್ಧಾಪ್ಯದ ಘನತೆಯನ್ನು ಬಹುಮಟ್ಟಿಗೆ ಅಂತರಂಗದ ಬೆಳವಣಿಗೆಯ ಮೇಲೆ ನಿಲ್ಲಿಸುತ್ತಾರೆ. ಬೆಳೆಯಲಾರದವರ ಗತಿಯೇನು? ಸ್ವಂತ ಮಗಳ ಹೆಸರನ್ನೇ ಮರೆತ ತಾಯಿಗೆ ಯಾವ ವಿದ್ಯಾಪೀಠ? ಗುಣವಾಗದ ರೋಗಿಗಳನ್ನೂ ಅಸಹಾಯಕರನ್ನೂ ಆದರಿಸುವುದರಲ್ಲಿಯೇ ಜನಾಂಗವೊಂದರ ಪರೀಕ್ಷೆಯಿದೆ ಎಂದು ಅವರೇ ಹೇಳಿದ್ದಾರೆ, ನಿಜ. ಆದರೆ ಆ ಮಾತು ಭಾಷಣದ ಮುಖ್ಯ ವಾದದೊಡನೆ ಪೂರ್ತಿಯಾಗಿ ಬೆಸೆದುಕೊಳ್ಳುವುದಿಲ್ಲ.

ಉತ್ತರ ಅವರ ಪರಂಪರೆಯಲ್ಲಿಯೇ ಇದೆ. ನರೆತಲೆಯವರ ಮುಂದೆ ಎದ್ದು ನಿಲ್ಲಬೇಕೆಂಬ ಯಾಜಕಕಾಂಡದ ಆಜ್ಞೆ ಯಾರಿಗೆ ಅನ್ವಯಿಸುತ್ತದೆ ಎಂದು ತಾಲ್ಮುದ್‌ನ ಗುರುಗಳು ಚರ್ಚಿಸಿದರು. ಜ್ಞಾನ ಗಳಿಸಿದವನೇ ಹಿರಿಯನೆಂದು ಕೆಲವರು ವಾದಿಸಿದರೆ, ಯಾವ ನರೆತಲೆಯಾದರೂ ಸಾಕೆಂದು ಇಸ್ಸಿ ಬೆನ್ ಯೆಹೂದಾ ಹೇಳಿದರು. ರಬ್ಬಿ ಯೋಹಾನಾನರು ಅನ್ಯಜನಾಂಗದ ಮುದುಕರ ಮುಂದೆಯೂ ಎದ್ದು ನಿಲ್ಲುತ್ತಿದ್ದರು. ಅವರು ದಾಟಿಬಂದ ಕಷ್ಟಗಳೇ ಆ ಗೌರವಕ್ಕೆ ಕಾರಣವಾಗಿದ್ದವು. ಇನ್ನೂ ಮಿಗಿಲಾದದ್ದು ರಬ್ಬಿ ಯೆಹೋಶುವ ಬೆನ್ ಲೇವಿಯವರ ಬೋಧನೆ. ತನ್ನ ತಪ್ಪಿಲ್ಲದೆ ಕಲಿತದ್ದನ್ನೆಲ್ಲ ಮರೆತ ವೃದ್ಧನನ್ನು ಅವಮಾನಿಸಬಾರದು. ಏಕೆಂದರೆ ಮೋಶೆ ಒಡೆದ ಕಲ್ಲಿನ ಹಲಗೆಗಳನ್ನೂ ಎಸೆಯದೆ, ಹೊಸ ಹಲಗೆಗಳೊಂದಿಗೆ ಮಂಜೂಷದಲ್ಲಿಯೇ ಇರಿಸಲಾಗಿತ್ತು ಎಂಬುದು ಅವರ ನೆನಪಿನ ಮಾತು. ಓದಲಾಗದ ಚೂರುಗಳೂ ಪವಿತ್ರವೇ. ಹೆಶೆಲರ ಭಾಷಣಕ್ಕೆ ಬೇಕಾಗಿದ್ದ ತಳಹದಿ ಇದೇ.

ಹೀಗೆಂದು ಅವರ ಮಾತಿನ ತೂಕವೇನೂ ತಗ್ಗದು. ತಾಯಿಯನ್ನೂ ಸಹೋದರಿಯರನ್ನೂ ನಾಜಿಗಳ ಕಾಲದ ಯುರೋಪಿನಲ್ಲಿ ಕಳೆದುಕೊಂಡು, ಹೆತ್ತವಳ ಮುಪ್ಪಿಗೆ ಸೇವೆ ಮಾಡುವ ಭಾಗ್ಯವಿಲ್ಲದೆ ಹೋದವರು ಅವರು. ತಮ್ಮ ಮುಪ್ಪನ್ನಾದರೂ ಕಂಡರೇ? 1972ರಲ್ಲಿ, 65ನೆಯ ವಯಸ್ಸಿನಲ್ಲಿ, ನಿಧನರಾದರು. ಅವರು ಕಾಣದೆ ಹೋದ ದೀರ್ಘ ವೃದ್ಧಾಪ್ಯ ಇಂದು ಅನೇಕ ಮನೆಗಳಲ್ಲಿದೆ. ಅಲ್ಲಿ ಹಿರಿಯರಿಗೆ ಏನು ತಿಳಿದಿದೆ ಎಂದು ಕೇಳುವ ಮೊದಲು, ಅವರು ಕೋಣೆಗೆ ಬಂದಾಗ ನಾವು ಎದ್ದು ನಿಲ್ಲುತ್ತೇವೆಯೇ ಎಂದು ನಮ್ಮನ್ನೇ ಕೇಳಿಕೊಳ್ಳೋಣ.