ತುಂಡಾದ ರಿವಾಯತ್

ಬೀತೋವನ್‌ನ ಒಂಬತ್ತೂ ಸಿಂಫನಿಗಳನ್ನು ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದಿಂದ ನುಡಿಸಿ ಕರಾಯನ್ 1961-62ರಲ್ಲಿ ಧ್ವನಿಮುದ್ರಿಸಿದರು. 1963ರಲ್ಲಿ ಅವು ಒಟ್ಟಾಗಿ ಹೊರಬಂದವು. ಸಾಲಾಗಿ ಕೇಳಿದರೆ ಆ ಸಂಗೀತಗಾರ ನಡೆದ ದಾರಿ ಕಾಣುತ್ತದೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಮೊಹರಂ ರಿವಾಯತ್ ಪದಗಳೂ ಹೀಗೆಯೇ ಸಾಲಾಗಿ ಕೇಳಬೇಕಾದವು. ಕ್ಯಾಸೆಟ್, ಸಿ.ಡಿ.ಗಳಲ್ಲಿ ಸಿಗುವುದು ಮಾತ್ರ ತುಂಡು. ಕರ್ಬಲಾ ಕಥೆಯಿಂದ ಹುಸೇನರ ಮರಣದ ಪದವೊಂದನ್ನೇ ಕಿತ್ತು, ಕೀಬೋರ್ಡ್ ಸೇರಿಸಿ ಐದಾರು ನಿಮಿಷದಲ್ಲಿ ಮುಗಿಸುತ್ತಾರೆ. ಒಬ್ಬ ಎತ್ತಿಕೊಟ್ಟ ಸಾಲನ್ನು ಮೇಳ ಮತ್ತೆ ಮತ್ತೆ ಹೇಳುವಾಗ ಏರುವ ದುಃಖ ಅಲ್ಲಿಲ್ಲ, ಧಾಟಿಯಷ್ಟೇ ಉಳಿದಿದೆ.

ಮೊಹರಂ ಆಚರಣೆಯನ್ನು ಒಪ್ಪದವರು ನಮ್ಮಲ್ಲಿದ್ದಾರೆ. ಆ ಚರ್ಚೆ ಬೇರೆ. ಹಿಂದೂ-ಮುಸ್ಲಿಮರು ಕೂಡಿ ಕನ್ನಡದಲ್ಲಿ ಕಟ್ಟಿದ ಕರ್ಬಲಾ ಇದು. ಮುದಗಲ್ಲಿನಲ್ಲಿ ಹತ್ತು ರಾತ್ರಿಯೂ ಹೆಜ್ಜೆ, ಹಲಗೆಯ ಸದ್ದು ಸಮೇತ ಮುದ್ರಿಸಲಿ. ಹಾಡಿದವರ ಹೆಸರನ್ನೂ ಹಾಕಲಿ.