ಪಿಎಚ್‌ಪಿಯ ಹೆಸರುಗಳಲ್ಲಿ ಉಳಿದುಕೊಂಡ ಚರಿತ್ರೆ

ಪಿಎಚ್‌ಪಿಯನ್ನು ಬೈಯುವವರು ಮೊದಲು ಹಿಡಿಯುವುದು ಅದರ ಫಂಕ್ಷನ್ ಹೆಸರುಗಳನ್ನೇ. ಪಠ್ಯದ ಉದ್ದ ತಿಳಿಯಲು ಸ್ಟ್ರ್‌ಲೆನ್, ಪದ ಬದಲಿಸಲು ಸ್ಟ್ರ್_ರಿಪ್ಲೇಸ್: ಒಂದಕ್ಕೆ ಅಂಡರ್‌ಸ್ಕೋರ್ ಇಲ್ಲ, ಇನ್ನೊಂದಕ್ಕೆ ಇದೆ. ಸ್ಟ್ರ್‌ಪಾಸ್‌ಗೆ ಇಡೀ ಪಠ್ಯ ಮೊದಲು, ಹುಡುಕುವ ಪದ ಆಮೇಲೆ. ಇನ್_ಅರೇಗೆ ಇದು ತಿರುಗುಮುರುಗು. ಎಲ್ಲವೂ ಬೇಜವಾಬ್ದಾರಿಯ ಕೆಲಸ ಎಂಬ ತೀರ್ಪನ್ನು ನಾನು ಒಪ್ಪುವುದಿಲ್ಲ. ಈ ಏರುಪೇರುಗಳಲ್ಲಿ ಬಹಳಷ್ಟಕ್ಕೆ ಹುಟ್ಟಿದ ಊರು, ಕಾಲ ಎರಡೂ ಇವೆ. ಹಾಗೆಂದು ಎಲ್ಲವನ್ನೂ ಮನ್ನಿಸಲಾಗದು. ಕನ್ನಡದಲ್ಲಿ ಬರೆಯುವವರಂತೂ ಒಂದನ್ನು ಮನ್ನಿಸಲೇಬಾರದು.

ಸ್ಟ್ರ್‌ಲೆನ್ ಸಿ ಭಾಷೆಯಿಂದ ಬಂದ ಹೆಸರು. ಹಳೆಯ ಕೆಲವು ಲಿಂಕರ್‌ಗಳು ಹೆಸರಿನ ಮೊದಲ ಆರು ಅಕ್ಷರಗಳನ್ನಷ್ಟೇ ಗುರುತಿಸುತ್ತಿದ್ದವು; 1989ರ ಸಿ ಮಾನಕವೂ ಅದಕ್ಕಿಂತ ಹೆಚ್ಚಿನ ಭರವಸೆ ಕೊಡಲಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಸ್ಟ್ರ್‌ಲೆನ್‌ಗೆ ಸರಿಯಾಗಿ ಆರು ಅಕ್ಷರ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಪಿಎಚ್‌ಪಿ ಹೊರತಂದದ್ದು ಸಿಯಲ್ಲಿ ಬರೆದೇ. ಸಿಯಿಂದ ಬಂದವರಿಗೆ ಅಲ್ಲಿನ ಹೆಸರು, ಅಲ್ಲಿನ ಕ್ರಮ ಸಿಕ್ಕರೆ ಅನುಕೂಲವೇ ಆಗಿತ್ತು. ಇನ್ನು ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಎಂಬ ಉದ್ದನೆಯ ಹೆಸರು. ಆರಂಭದಲ್ಲಿ ಪಿಎಚ್‌ಪಿ ತನ್ನ ಫಂಕ್ಷನ್‌ಗಳನ್ನು ಹೆಸರಿನ ಉದ್ದ ನೋಡಿ ಗುಂಪು ಮಾಡುತ್ತಿತ್ತು. ಒಂದೇ ಉದ್ದದವು ಹೆಚ್ಚಾದರೆ ಹುಡುಕಾಟ ನಿಧಾನವಾಗುತ್ತದೆ, ಹಾಗಾಗಿ ಬೇರೆ ಬೇರೆ ಉದ್ದದ ಹೆಸರುಗಳು ಬೇಕಿದ್ದವು. ಇದನ್ನು ಲೆರ್ಡಾರ್ಫ್ 2013ರಲ್ಲಿ ತಾವೇ ಹೇಳಿದರು. ಆ ಗುಂಪುಗಾರಿಕೆ ಹೋಗಿ ಎಷ್ಟೋ ಕಾಲವಾಗಿದೆ, ಹೆಸರು ಮಾತ್ರ ಲಕ್ಷಾಂತರ ಕಡತಗಳಲ್ಲಿ ಕೂತಿದೆ.

ಅರೇ_ಮ್ಯಾಪ್‌ಗೆ ಫಂಕ್ಷನ್ ಮೊದಲು, ಅರೇ_ಫಿಲ್ಟರ್‌ಗೆ ಅರೇ ಮೊದಲು ಎಂಬ ದೂರಿಗೂ ಸಮಾಧಾನವಿದೆ: ಮೊದಲನೆಯದು ಎಷ್ಟು ಅರೇ ಕೊಟ್ಟರೂ ತೆಗೆದುಕೊಳ್ಳುತ್ತದೆ, ಅವು ಕೊನೆಯಲ್ಲೇ ಬರಬೇಕು. ಇವನ್ನೆಲ್ಲ ಕಲಿಯುವವರು ಗೊಣಗುತ್ತಾರೆ, ಆಮೇಲೆ ರೂಢಿಯಾಗುತ್ತದೆ.

ರೂಢಿಯಿಂದ ಸರಿಹೋಗದ ತೊಂದರೆ ಬೇರೆ ಇದೆ. 'ಕನ್ನಡ' ಎಂಬ ಪದವನ್ನು ಸ್ಟ್ರ್‌ಲೆನ್‌ಗೆ ಕೊಡಿ, 15 ಎನ್ನುತ್ತದೆ. ಯುಟಿಎಫ್-8ರಲ್ಲಿ ಕ, ನ, ಹಲಂತ ಚಿಹ್ನೆ (್), ನ, ಡ ಒಂದೊಂದಕ್ಕೂ ಮೂರು ಬೈಟ್. ಸಬ್‌ಸ್ಟ್ರ್‌ನಿಂದ ಮೊದಲ ನಾಲ್ಕನ್ನು ಕತ್ತರಿಸಿದರೆ 'ಕ' ಬರುತ್ತದೆ, ಜೊತೆಗೆ 'ನ'ದ ಮೂರರಲ್ಲೊಂದು ಪಾಲು. ಪರದೆಯ ಮೇಲೆ ಅದು ಗುರುತು ಸಿಗದ ಚಿಹ್ನೆ. ಇಲ್ಲಿ ಸಿ ಭಾಷೆಯಿಂದ ಹೆಸರಿನ ಜೊತೆಗೆ ಒಂದು ಬೈಟ್ ಎಂದರೆ ಒಂದು ಅಕ್ಷರ ಎಂಬ ನಂಬಿಕೆಯೂ ಬಂದಿದೆ. ಜಪಾನಿನ ಡೆವಲಪರ್‌ಗಳು ತಮ್ಮ ಲಿಪಿಗಾಗಿ ಎಂಬಿ_ಸ್ಟ್ರ್‌ಲೆನ್ ಮುಂತಾದ ಸಮಾಂತರ ಫಂಕ್ಷನ್‌ಗಳನ್ನು ಕಟ್ಟಿಕೊಂಡರು. ನಮಗೂ ಅದೇ ಆಸರೆಯಾಯಿತು. ಆದರೆ ಚಿಕ್ಕದಾದ, ಮೊದಲು ಕೈಗೆ ಸಿಗುವ ಹೆಸರು ಇಂಗ್ಲಿಷಿಗೆ ಮಾತ್ರ ಸರಿಯಾದ ಉತ್ತರ ಕೊಡುತ್ತದೆ, ಉಳಿದ ಜಗತ್ತು 'ಎಂಬಿ' ಎಂಬ ಉಪಸರ್ಗ ಹೊತ್ತು ನಡೆಯಬೇಕು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಪಿಎಚ್‌ಪಿ ನಮಗೆ ದೂರದ್ದೂ ಅಲ್ಲ: ಕನ್ನಡ ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶವೂ ಪಿಎಚ್‌ಪಿಯಲ್ಲೇ ಬರೆದದ್ದು.

ಭಾಷೆಯ ಒಳಗೇ ಯುನಿಕೋಡ್ ತರಬೇಕೆಂದು ಹೊರಟ ಪಿಎಚ್‌ಪಿ 6ನ್ನು 2010ರಲ್ಲಿ ಕೈಬಿಡಲಾಯಿತು. 5ರ ನಂತರ ನೇರವಾಗಿ 7 ಬಂತು. ಅಲ್ಲಿಂದ ಮುಂದೆ ಆರಿಸಿಕೊಂಡದ್ದು ಹಳೆಯದನ್ನು ಮುಟ್ಟದೆ ಹೊಸದನ್ನು ಸೇರಿಸುವ ದಾರಿ. 2020ರ ಪಿಎಚ್‌ಪಿ 8ರಲ್ಲಿ ಬಂದ ಸ್ಟ್ರ್_ಕಂಟೇನ್ಸ್ ನೋಡಿ: ಅಂಡರ್‌ಸ್ಕೋರ್ ಇದೆ, ಪಠ್ಯ ಮೊದಲು ಬರುತ್ತದೆ, ಯುಟಿಎಫ್-8 ಕನ್ನಡದಲ್ಲೂ ಪದ ಇದೆಯೋ ಇಲ್ಲವೋ ಎಂದು ಸರಿಯಾಗಿ ಹೇಳುತ್ತದೆ. ಓಡುತ್ತಿರುವ ತಾಣಗಳನ್ನು ಮುರಿಯದ ಈ ದಾರಿಯೇ ಸರಿ ಎನ್ನುತ್ತೇನೆ. ನಿಧಾನ ಮಾತ್ರ ಸಹಿಸಲಾಗದಷ್ಟು. ಪಠ್ಯವನ್ನು ಬೇಕಾದ ಉದ್ದಕ್ಕೆ ತುಂಬಿಕೊಡುವ ಸ್ಟ್ರ್_ಪ್ಯಾಡ್‌ಗೆ 'ಎಂಬಿ' ಜೊತೆಗಾರ ಸಿಕ್ಕಿದ್ದು 2023ರಲ್ಲಿ. ಅದೂ 'ಕನ್ನಡ'ವನ್ನು ಐದು ಎಂದು ಎಣಿಸುತ್ತದೆ. ಓದುವವರ ಕಣ್ಣಿಗೆ ಇರುವುದು ಮೂರೇ ಅಕ್ಷರ.